ಕಪಾಟಿನ ಹಿಂದೆ ಮೂರು ಇಂಚು ಜಾಗ ಬಿಡಿ

ಮನೆಯ ಒಳಾಂಗಣದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಂಡಿ, ಬೂಷ್ಟಿನದ್ದೇ ಆದ್ದರಿಂದ ಮೊದಲ ಉತ್ತರವನ್ನು ಸ್ವಲ್ಪ ಉದ್ದ ಮಾಡಿದ್ದೇವೆ.

ಪ್ರ: ನಮ್ಮ ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಮುರಕಲ್ಲಿನ ಗೋಡೆ, ಮೇಲೆ ಸ್ಲ್ಯಾಬ್. ಮೂರು ವರ್ಷದ ಹಿಂದೆ ಮಾಡಿಸಿದ ಕಪಾಟಿನ ಹಿಂಬದಿ ಪೂರ್ತಿ ಬೂಷ್ಟು ಹಿಡಿದಿದೆ. ಒಳಗಿಟ್ಟ ರೇಷ್ಮೆ ಸೀರೆಗೂ ಮುಗ್ಗಲು ವಾಸನೆ. ಹಾಲ್‌ನ ಲೆದರ್ ಸೋಫಾ ಸಿಪ್ಪೆ ಏಳುತ್ತಿದೆ. ಬಣ್ಣ ಬಳಿಸಿದರೆ ಸರಿಹೋದೀತೇ? – ಓದುಗರು, ಕಾಪು

ಉ: ಬಣ್ಣದ ಮಾತು ಕೊನೆಗೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಗೊತ್ತಾಗಬೇಕು. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಒದ್ದೆ ಗುರುತು ಇದ್ದರೆ ಅದು ಪಾಯದಿಂದ ಏರುತ್ತಿರುವ ತಂಡಿ. ಕಿಟಕಿಯ ಮೂಲೆಯಲ್ಲಿ ಅಥವಾ ಸ್ಲ್ಯಾಬ್ ಸೇರುವ ಕಡೆ ಕಲೆ ಇದ್ದರೆ ಹೊರಗಿನಿಂದ ಮಳೆನೀರು ಇಳಿಯುತ್ತಿದೆ. ಗೋಡೆಯ ಉಳಿದ ಭಾಗ ಚೆನ್ನಾಗಿದ್ದು ಕಪಾಟಿನ ಹಿಂದೆ ಮಾತ್ರ ಕಪ್ಪಾಗಿದ್ದರೆ, ಅಲ್ಲಿ ಗಾಳಿಯಾಡುತ್ತಿಲ್ಲ ಎಂದೇ ಅರ್ಥ.

ಸಂಶಯ ಇದ್ದರೆ ಹೀಗೆ ಮಾಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ. ಒಂದಕ್ಕೆ ಮೇಸ್ತ್ರಿ ಬೇಕು, ಇನ್ನೊಂದಕ್ಕೆ ಕಪಾಟನ್ನು ಜರುಗಿಸಿದರೆ ಸಾಕು.

ಮುರಕಲ್ಲಿನ ಮೈತುಂಬ ರಂಧ್ರ. ಪಡುಗಡೆಯ ಗೋಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಡಿದರೆ ಅದು ನೀರು ಕುಡಿಯದೆ ಇರುವುದಿಲ್ಲ. ಹಾಗಾಗಿ ಗೋಡೆಯಿಂದಲೇ ನೀರು ಎಂದಾದರೆ ಮೊದಲು ಹೊರಮೈ ಸರಿ ಮಾಡಿಸಿ. ಗಾರೆಯ ಬಿರುಕು ಮುಚ್ಚಿಸಿ, ಕಿಟಕಿಯ ಮೇಲೆ ಕನಿಷ್ಠ ಒಂದೂವರೆ ಎರಡು ಅಡಿಯ ಸಜ್ಜೆ ಇದೆಯೇ ನೋಡಿ. ಸಜ್ಜೆಯ ಅಡಿಭಾಗದ ಅಂಚಿನಲ್ಲಿ ನೀರು ತೊಟ್ಟಿಕ್ಕಲು ಗೀರು ಇರಬೇಕು. ಅದಿಲ್ಲದಿದ್ದರೆ ನೀರು ಅಡಿಯಲ್ಲೇ ಹರಿದು ಗೋಡೆಗೆ ಬರುತ್ತದೆ. ಹೊರಗೆ ಸರಿ ಮಾಡದೆ ಒಳಗೆ ಮಾತ್ರ ವಾಟರ್‌ಪ್ರೂಫ್ ಬಣ್ಣ ಬಳಿದರೆ, ಒಳಗೆ ಸಿಕ್ಕಿಬಿದ್ದ ನೀರು ಮುಂದಿನ ವರ್ಷ ಬಣ್ಣವನ್ನೇ ಗುಳ್ಳೆ ಎಬ್ಬಿಸಿ ಉದುರಿಸುತ್ತದೆ.

ಈಗಿರುವ ಬೂಷ್ಟನ್ನು ಒಣ ಬ್ರಷ್‌ನಲ್ಲಿ ಉಜ್ಜಬೇಡಿ, ಪುಡಿ ಇಡೀ ಮನೆಗೆ ಹಾರುತ್ತದೆ. ಕಿಟಕಿ ತೆರೆದು, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು, ಒಂದು ಪಾಲು ದ್ರವ ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಗೋಡೆಗೆ ಒರೆಸಿ. ಹದಿನೈದು ನಿಮಿಷ ಬಿಟ್ಟು ನೀರು ಬಟ್ಟೆಯಲ್ಲಿ ಒರೆಸಿ ಫ್ಯಾನ್ ಹಾಕಿ ಒಣಗಿಸಿ. ಬ್ಲೀಚ್ ಜೊತೆಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬೇಡಿ, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಮರಕ್ಕೆ ಬ್ಲೀಚ್ ಬೇಡ. ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಿಸಿಲು ಬಂದ ದಿನ ಹಲಗೆ ಬಿಚ್ಚಿ ಹೊರಗಿಡಿ.

ಇನ್ನು ಕಪಾಟು. ಬಾಗಿಲಿನ ಒಳಗೆ ಅಥವಾ ಹಲಗೆಯ ಅಂಚಿನಲ್ಲಿ ಪ್ಲೈವುಡ್‌ನ ಮುದ್ರೆ ಇದ್ದರೆ ಓದಿ ನೋಡಿ. ಭಾರತೀಯ ಮಾನಕದ ಸಂಖ್ಯೆ ಐಎಸ್ 303, ಜೊತೆಗೆ ಎಂಆರ್ ದರ್ಜೆ ಎಂದಿದ್ದರೆ ಅದು ಒಣ ಜಾಗಕ್ಕೆ ಮಾಡಿದ ಮಾಲು. ಕರಾವಳಿಗೆ ನೀರು ತಡೆಯುವ ಐಎಸ್ 710 ಬೇಕು. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಅಂಚು ಉಬ್ಬಿರುತ್ತದೆ, ಅದನ್ನು ಉಳಿಸಲು ಹೋಗಬೇಡಿ. 710 ಆದರೂ ಮುಂದೆ ಮಾತ್ರ ಲ್ಯಾಮಿನೇಟ್ ಹಾಕಿ ಹಿಂಬದಿ ಬರಿದೇ ಬಿಟ್ಟಿದ್ದರೆ ಅಲ್ಲೇ ತೇವ ಹೀರಿ ಹಲಗೆ ಬಾಗುತ್ತದೆ. ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ ಎಂಬ ದೂರಿನ ಮೂಲ ಅನೇಕ ಸಲ ಇದೇ. ಆಚಾರಿಯವರಿಗೆ ಹೇಳಿ ಹಿಂಬದಿಗೂ ತೆಳು ಲ್ಯಾಮಿನೇಟ್, ಕೊಯ್ದ ಎಲ್ಲ ಅಂಚಿಗೂ ಪಟ್ಟಿ ಹಾಕಿಸಿ. ಕಾಲು ನಾಲ್ಕು ಇಂಚಾದರೂ ಎತ್ತರ ಇರಲಿ. ಗೋಡೆಯಿಂದ ಮೂರು ಇಂಚು ಬಿಟ್ಟು ನಿಲ್ಲಿಸಿ. ಹಿಂಬದಿಯ ಹಲಗೆಯಲ್ಲಿ ಮೇಲೆ ಎರಡು, ಕೆಳಗೆ ಎರಡು, ಎರಡಿಂಚಿನ ರಂಧ್ರ ಕೊರೆಸಿ ಜಾಲಿ ಹೊಡೆಸಿ. ಗೋಡೆಯಿಂದ ದೂರ ನಿಂತ ಕಪಾಟು ಮಕ್ಕಳು ಹತ್ತಿದರೆ ಮಗುಚೀತು, ಆದ್ದರಿಂದ ಮೇಲ್ಭಾಗದಲ್ಲಿ ನಡುವೆ ಮೂರಿಂಚಿನ ಮರದ ಗುಟ್ಟ ಕೊಟ್ಟು ಎರಡು ಎಲ್ ಕ್ಲ್ಯಾಂಪ್‌ನಿಂದ ಗೋಡೆಗೆ ಬಿಗಿಸಿ. ಹಿಂಜು, ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದಾಗಲಿ. ಸಮುದ್ರದ ಗಾಳಿ ನೇರ ಬಡಿಯುವ ಬಾಲ್ಕನಿ, ಗೇಟಿಗೆ 316 ಹಾಕಿ, ಉಪ್ಪಿಗೆ ಅದೇ ತಡೆಯುವುದು.

ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ತೇವ ಹೀರುವ ಡಬ್ಬಿಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ, ನೀರು ತುಂಬಿದ ಕೂಡಲೇ ಚೆಲ್ಲಿ ಬದಲಿಸಿ. ಆ ನೀರು ಜರಿಗೆ, ಚರ್ಮಕ್ಕೆ ಬಿದ್ದರೆ ಹಾಳು. ಆದ್ದರಿಂದ ಡಬ್ಬಿ ಯಾವಾಗಲೂ ಕೆಳಗಿನ ಅರೆಯಲ್ಲಿರಲಿ.

ಸೋಫಾದ್ದು ಬೇರೆ ಕಥೆ. ಸಿಪ್ಪೆ ಏಳುತ್ತಿರುವುದು ನಿಜವಾದ ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ತೇವದಲ್ಲಿ ಆ ಪದರ ರಾಸಾಯನಿಕವಾಗಿಯೇ ಒಡೆಯುತ್ತದೆ, ಯಾವ ಪಾಲಿಶ್ ಹಚ್ಚಿದರೂ ನಿಲ್ಲುವುದಿಲ್ಲ. ಚೌಕಟ್ಟು ಗಟ್ಟಿ ಇದ್ದರೆ ಬಟ್ಟೆ ಮಾತ್ರ ಬದಲಿಸಿ. ಮೂರು ಜನರ ಸೋಫಾಕ್ಕೆ 54 ಇಂಚು ಅಗಲದ ಬಟ್ಟೆ ಮಾದರಿ ನೋಡಿ 8ರಿಂದ 12 ಮೀಟರ್ ಬೇಕಾಗುತ್ತದೆ. ಹತ್ತಿ-ಪಾಲಿಯೆಸ್ಟರ್ ಮಿಶ್ರ ನೇಯ್ಗೆ ತೆಗೆದುಕೊಳ್ಳಿ, ದಿಂಬಿನ ಕವರಿಗೆ ಜಿಪ್ ಇಡಿಸಿ. ವೆಲ್ವೆಟ್ ನೋಡಲು ಎಷ್ಟು ಚಂದವಾದರೂ ನಮ್ಮ ಹವೆಗೆ ಹೇಳಿದ್ದಲ್ಲ. ಹೊಸ ಫೋಮ್ ಹಾಕಿಸುವುದಾದರೆ ಕುಳಿತುಕೊಳ್ಳುವ ಭಾಗಕ್ಕೆ 40 ಡೆನ್ಸಿಟಿ ಕೇಳಿ, ಕಡಿಮೆಯದ್ದು ಬೇಗ ಗುಂಡಿ ಬೀಳುತ್ತದೆ. ಗೋಡೆಗೆ ಬಣ್ಣ ಡಿಸೆಂಬರ್ ನಂತರ ಬಳಿಸಿ.

ಪ್ರ: ಫ್ಲ್ಯಾಟಿನ ಹಾಲ್ ಮತ್ತು ಊಟದ ಜಾಗ ಒಟ್ಟಿಗೆ, 20 ಅಡಿ ಉದ್ದ, 11 ಅಡಿ ಅಗಲ. ನಾವಿಬ್ಬರು, ಇಬ್ಬರು ಮಕ್ಕಳು, 72 ವರ್ಷದ ಅತ್ತೆ. ಎಲ್ ಆಕಾರದ ಸೋಫಾ ಹಾಕುವ ಆಸೆ. ಜಾಗ ಸಾಕಾಗುತ್ತದೆಯೇ? – ಓದುಗರು, ಬಿಜೈ, ಮಂಗಳೂರು

ಉ: ಎಲ್ ಸೋಫಾ ಬೇಡ. ಲೆಕ್ಕ ನೋಡಿ. 11 ಅಡಿ ಎಂದರೆ 132 ಇಂಚು. ಸೋಫಾದ ಆಳ 36, ಹಿಂದೆ ಗೋಡೆಗೆ 4, ಒಟ್ಟು 40. ಎದುರಿನ ಟಿವಿ ಯೂನಿಟ್ 15. ಉಳಿಯುವುದು 77. ಸೋಫಾದ ಮುಂದೆ 16 ಇಂಚು ಬಿಟ್ಟು 24 ಇಂಚಿನ ಟೀಪಾಯಿ ಇಟ್ಟರೆ ನಡೆಯಲು 37 ಇಂಚು ಸಿಗುತ್ತದೆ. ಅಷ್ಟಿದ್ದರೆ ಅತ್ತೆಯವರು ಯಾರನ್ನೂ ಎಬ್ಬಿಸದೆ ಬಾಲ್ಕನಿಗೆ ಹೋಗಬಹುದು. ಎಲ್ ಸೋಫಾದ ಉದ್ದನೆಯ ಕೈ ಗೋಡೆಯಿಂದ ಐದು ಅಡಿಯಾದರೂ ಮುಂದೆ ಬರುತ್ತದೆ, ಸೋಫಾ, ಟೀಪಾಯಿಯ ನಡುವಿನ ಜಾಗಕ್ಕೇ ಅಡ್ಡವಾಗುತ್ತದೆ.

ಒಂದು ಮೂರು ಜನರ ಸೋಫಾ, ಎರಡು ಬೆತ್ತದ ಕುರ್ಚಿ ಸಾಕು. ಬೆತ್ತ ಹಗುರ, ಗಾಳಿಯಾಡುತ್ತದೆ, ನೆಂಟರು ಬಂದಾಗ ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಅತ್ತೆಯವರಿಗೆಂದು ಕೈಯಿರುವ ಗಟ್ಟಿ ಮರದ ಕುರ್ಚಿಯೊಂದು ಬೇರೆಯೇ ಇರಲಿ, ಕೂರುವ ಎತ್ತರ 18ರಿಂದ 19 ಇಂಚು. ಈಗಿನ ತಗ್ಗು ಸೋಫಾಗಳು 15-16 ಇಂಚು ಇರುತ್ತವೆ. ಮೊಣಕಾಲು ನೋಯುವವರಿಗೆ ಅಲ್ಲಿಂದ ಏಳುವುದು ದೊಡ್ಡ ಶಿಕ್ಷೆ.

ಟಿವಿಯ ನಡುಭಾಗ ನೆಲದಿಂದ 42 ಇಂಚಿನ ಸುಮಾರಿಗೆ ಬರಲಿ. ಹೆಚ್ಚಿನ ಮನೆಗಳಲ್ಲಿ ಕ್ಯಾಲೆಂಡರ್ ತೂಗುಹಾಕಿದ ಹಾಗೆ ಮೇಲೆ ಹೊಡೆಸಿ ಕುತ್ತಿಗೆ ನೋಯಿಸಿಕೊಳ್ಳುತ್ತಾರೆ. ನಿಮ್ಮ ದೂರಕ್ಕೆ 55 ಇಂಚಿನ ಟಿವಿ ಸಾಕು.

ಊಟದ ಮೇಜು 60 ಇಂಚು ಉದ್ದ, 36 ಇಂಚು ಅಗಲ. ಒಬ್ಬರಿಗೆ 24 ಇಂಚು ಬೇಕು, ಆ ಲೆಕ್ಕದಲ್ಲಿ ಉದ್ದದ ಎರಡು ಬದಿಗೆ ನಾಲ್ವರು, ತುದಿಗೆ ಒಬ್ಬರು. ಒಂದು ಬದಿಯನ್ನು ಗೋಡೆಗೆ ಬೆಂಚ್ ಮಾಡಿಸಿ, ಬೆಂಚಿನ ಒಳಗೆ ಮಕ್ಕಳ ಆಟದ ಸಾಮಾನು ಹೋಗುತ್ತದೆ. ಇನ್ನೊಂದು ಬದಿಯಲ್ಲಿ ಕುರ್ಚಿ ಎಳೆಯಲು ಮೇಜಿನ ಅಂಚಿನಿಂದ 36 ಇಂಚು ತೆರವಿರಲಿ. ಬೆಳಕಿಗೆ ಹಾಲ್‌ನಲ್ಲಿ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟು ಹಳದಿ), ಮಕ್ಕಳು ಬರೆಯುವ ಮೇಜಿಗೆ 4000. ಅಂಗಡಿಯಲ್ಲಿ ಕೇಳದಿದ್ದರೆ 6500ರ ಬಿಳಿ ಬಲ್ಬೇ ಕೊಡುತ್ತಾರೆ. ರಾತ್ರಿ ಹೊತ್ತು ಅದು ಆಸ್ಪತ್ರೆಯ ಬೆಳಕು.

ಪ್ರ: ಅಜ್ಜನ ಕಾಲದ ಹಂಚಿನ ಮನೆ. ಚಾವಡಿ ಕತ್ತಲೆ, ಕೆಂಪು ರೆಡ್ ಆಕ್ಸೈಡ್ ನೆಲ ಮಂಕಾಗಿದೆ, ಅಲ್ಲಲ್ಲಿ ಬಿರುಕು. ಮಗ ಮೇಲೆಯೇ ಟೈಲ್ಸ್ ಹಾಕೋಣ ಎನ್ನುತ್ತಾನೆ. – ಓದುಗರು, ಬ್ರಹ್ಮಾವರ

ಉ: ದಯವಿಟ್ಟು ಆ ನೆಲವನ್ನು ಉಳಿಸಿಕೊಳ್ಳಿ. ಅಷ್ಟು ನುಣುಪಾಗಿ ತಿಕ್ಕಿ ಹಾಕುವ ಕೈಗಳು ಈಗ ಹುಡುಕಿದರೂ ಸಿಗುವುದು ಕಷ್ಟ. ಮೇಲೆ ಟೈಲ್ಸ್ ಹಾಕಿದರೆ ನೆಲ ಒಂದು ಒಂದೂವರೆ ಇಂಚು ಏರುತ್ತದೆ, ಎಲ್ಲ ಬಾಗಿಲನ್ನೂ ಅಡಿಯಲ್ಲಿ ಕೊಯ್ಯಬೇಕು, ಹೊಸ್ತಿಲು ಹೂತುಹೋಗುತ್ತದೆ. ಹೊಳಪಿನ ಟೈಲ್ಸ್ ಮಳೆಗಾಲದಲ್ಲಿ ಬೆವರಿ ಜಾರುತ್ತದೆ ಕೂಡ.

ಬೆಚ್ಚಗಿನ ನೀರಿಗೆ ಸೌಮ್ಯವಾದ ಸಾಬೂನು ಹಾಕಿ ತೊಳೆದು, ಎರಡು ದಿನ ಪೂರ್ತಿ ಒಣಗಲಿ. ಆಸಿಡ್ ಸೋಂಕಲೂ ಬಾರದು, ಅದು ಸಿಮೆಂಟನ್ನೇ ತಿಂದು ನೆಲದಲ್ಲಿ ಬಿಳಿ ಮಚ್ಚೆ ಬಿಡುತ್ತದೆ. ಒಣಗಿದ ಮೇಲೆ ಹತ್ತಡಿ ಚೌಕಕ್ಕೆ ಮೂರು ನಾಲ್ಕು ಚಮಚ ತೆಂಗಿನೆಣ್ಣೆ ಮಾತ್ರ, ಹತ್ತಿ ಬಟ್ಟೆಯಲ್ಲಿ ಸವರಿ ಹದಿನೈದು ನಿಮಿಷದ ನಂತರ ಒಣ ಬಟ್ಟೆಯಿಂದ ಚೆನ್ನಾಗಿ ಉಜ್ಜಿ. ಎಣ್ಣೆ ಹೆಚ್ಚಾದರೆ ಧೂಳು ಹಿಡಿಯುತ್ತದೆ, ಕಾಲೂ ಜಾರುತ್ತದೆ.

ಕೂದಲೆಳೆಯ ಬಿರುಕಿಗೆ ಸಿಮೆಂಟ್ ಮತ್ತು ಕೆಂಪು ಆಕ್ಸೈಡ್ ಪುಡಿ ಕಲಸಿ ತುಂಬಿ. ಪುಡಿ ಸಿಮೆಂಟಿನ ತೂಕದ ನೂರಕ್ಕೆ 10 ಮೀರಬಾರದು, ಮೀರಿದರೆ ಗಟ್ಟಿತನ ಹೋಗುತ್ತದೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಮೊದಲು ಮಂಚದಡಿಯಲ್ಲಿ ಒಂದು ಕಡೆ ಹಚ್ಚಿ ನೋಡಿ. ಏಳು ದಿನ ಒದ್ದೆ ಬಟ್ಟೆ ಹೊದೆಸಿಡಿ. ಬಿರುಕು 3 ಮಿಲಿಮೀಟರ್‌ಗಿಂತ ಅಗಲವಾಗಿ ಒಂದು ಬದಿ ತಗ್ಗಿದ್ದರೆ, ಅಡಿಯಲ್ಲಿ ಮಣ್ಣು ಕುಸಿದಿರಬಹುದು, ಬೇರು ನುಗ್ಗಿರಬಹುದು. ಅದನ್ನು ನೋಡದೆ ತುಂಬಿದರೆ ಮತ್ತೆ ಒಡೆಯುತ್ತದೆ.

ಕತ್ತಲೆಗೆ ಗಾಜಿನ ಹಂಚು. ಚಾವಡಿ 10x12 ಇದ್ದರೆ ಮೂರು ನಾಲ್ಕು ಸಾಕು, ಬಡಗು ಇಳಿಜಾರಿನಲ್ಲಿ ಹಾಕಿಸಿ, ತೆಂಕು ಕಡೆ ಹಾಕಿದರೆ ಬೆಳಕಿನ ಜೊತೆ ಬಿಸಿಲೂ ಇಳಿಯುತ್ತದೆ. ಹಂಚಿನ ಕೆಳಗೆ ಮರದ ಮುಚ್ಚಿಗೆ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಮಾಡಿನದ್ದೇ ಒಂದು ಹಂಚು ಇಳಿಸಿ ಕೈಯಲ್ಲಿ ಹಿಡಿದುಕೊಂಡು ಹೋಗಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಂದರ ಅಚ್ಚು ಇನ್ನೊಂದರಂತಿಲ್ಲ. ಹಂಚಿನ ಅಂಚಿನ ಗಾಡಿ ಒಂದಕ್ಕೊಂದು ಕೂರದಿದ್ದರೆ ಮೊದಲ ಮಳೆಗೇ ಸೋರುತ್ತದೆ. ಹಂಚು ತೆಗೆದಾಗ ಪಕ್ಕಾಸು, ರೀಪುಗಳಿಗೆ ಒರಲೆ ಹಿಡಿದಿದೆಯೇ ಎಂದು ಉಳಿಯಿಂದ ತಟ್ಟಿ ನೋಡಿಸಿ, ಟೊಳ್ಳು ಸದ್ದು ಬಂದದ್ದನ್ನು ಆಗಲೇ ಬದಲಿಸಿ.

ಪ್ರ: ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕಡಿಮೆ ಖರ್ಚಿನಲ್ಲಿ ಕೋಣೆ ಚಂದ ಮಾಡುವುದು ಹೇಗೆ? – ಓದುಗರು, ಮಣಿಪಾಲ

ಉ: ಕಿಟಕಿಯ ಚೌಕಟ್ಟಿನ ಒಳಗೆ ತಿರುಗಿಸಿ ಬಿಗಿಯುವ ಸ್ಪ್ರಿಂಗ್ ರಾಡ್ ಬರುತ್ತದೆ, ಮೊಳೆ ಬೇಡ. ಹತ್ತಿಯ ಹಳೆಯ ಸೀರೆ ಒಳ್ಳೆಯ ಪರದೆ. ಕಿಟಕಿಯ ಅಗಲದ ಎರಡು ಪಟ್ಟು ಬಟ್ಟೆ ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ, ನಾಲ್ಕಡಿ ಕಿಟಕಿಗೆ ಎಂಟಡಿ. ದಪ್ಪ ಕಾರ್ಪೆಟ್ ಕೊಳ್ಳಬೇಡಿ, ಜುಲೈಯಲ್ಲಿ ಅದರ ಅಡಿಯೇ ಬೂಷ್ಟು. ತೊಳೆಯಬಹುದಾದ ಜಮಖಾನ ಅಥವಾ ಓಲೆಯ ಚಾಪೆ ಸಾಕು. ಮೂಲೆಗೊಂದು ನೆಲದ ದೀಪ ಇಡಿ. ಚಿತ್ರಗಳನ್ನು ಕಪಾಟಿನ ಮೇಲೆ ಗೋಡೆಗೆ ಒರಗಿಸಿ. ಅಂಟು ಕೊಕ್ಕೆಗಳು ಸುಣ್ಣ ಅಥವಾ ಡಿಸ್ಟೆಂಪರ್ ಗೋಡೆಯಲ್ಲಿ ನಿಲ್ಲುವುದಿಲ್ಲ, ಬಣ್ಣ ಸಮೇತ ಕಿತ್ತು ಬರುತ್ತವೆ. ಅಡ್ವಾನ್ಸ್ ಹಣದಲ್ಲಿ ಅದನ್ನೂ ಮುರಿದುಕೊಂಡಾರು.

ಪ್ರ: ಮಳೆಗಾಲ ಪೂರ್ತಿ ಹಾಲ್‌ನಲ್ಲಿ ಬಟ್ಟೆ ತೂಗುತ್ತಿರುತ್ತದೆ. ಯಾರಾದರೂ ಬಂದರೆ ನಾಚಿಕೆ. – ಓದುಗರು, ಸುರತ್ಕಲ್

ಉ: ಕರಾವಳಿಯ ಎಲ್ಲರ ಮನೆಯಲ್ಲೂ ತೂಗುತ್ತಿರುತ್ತದೆ, ನಾಚಿಕೆ ಬೇಡ. ಆದರೆ ಹಾಲ್‌ನಿಂದ ತೆಗೆಯಲು ಬೇರೆ ಕಾರಣ ಇದೆ. ಐದು ಕಿಲೋ ಬಟ್ಟೆಯಲ್ಲಿ ಮೆಷಿನ್ ಹಿಂಡಿದ ಮೇಲೂ ಎರಡೂವರೆ ಲೀಟರಿನಷ್ಟು ನೀರು ಉಳಿದಿರುತ್ತದೆ. ಅದೆಲ್ಲ ಗಾಳಿಗೆ ಸೇರಿ, ಸೋಫಾಕ್ಕೆ, ಪುಸ್ತಕಕ್ಕೆ, ಕಪಾಟಿನ ಹಿಂದಕ್ಕೆ ಹೋಗುತ್ತದೆ.

ಒಂದು ಕೋಣೆಯನ್ನು ಅದಕ್ಕೆಂದೇ ಗೊತ್ತು ಮಾಡಿ, ಮರದ ಸಾಮಾನು ಕಡಿಮೆ ಇರುವ ಕೋಣೆಯಾದರೆ ಒಳ್ಳೆಯದು. ಮಾಡಿನಿಂದ ಹಗ್ಗದಲ್ಲಿ ಏರಿಳಿಸುವ ಆರು ಕೊಳವೆಯ ರಾಟೆ ಸ್ಟ್ಯಾಂಡ್ ಹಾಕಿಸಿ. ಬಟ್ಟೆ ಬಟ್ಟೆಯ ನಡುವೆ ನಾಲ್ಕು ಬೆರಳು ಜಾಗ, ಜೀನ್ಸ್ ಒಳಮೈ ಹೊರಗೆ. ಕೆಳಗಿನಿಂದ ಟೇಬಲ್ ಫ್ಯಾನ್, ಕಿಟಕಿಗೆ ಹೊರಗೆ ದೂಡುವ ಎಕ್ಸಾಸ್ಟ್ ಫ್ಯಾನ್, ಕೋಣೆಯ ಬಾಗಿಲು ಮುಚ್ಚಿರಲಿ. ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್, ಕೊಂಡರೆ ಮಾತ್ರ ಕಿಟಕಿಯನ್ನೂ ಮುಚ್ಚಿ, ಎಕ್ಸಾಸ್ಟ್ ನಿಲ್ಲಿಸಿ. ತೆರೆದಿಟ್ಟರೆ ಅದು ಹೊರಗಿನ ಮಳೆಗಾಳಿಯನ್ನೇ ಹಿಂಡುತ್ತಾ ಕೂರುತ್ತದೆ. ರಾತ್ರಿ ಚಾಲೂ ಮಾಡಿ, ಬೆಳಿಗ್ಗೆ ಅದರ ಡಬ್ಬಿಯಲ್ಲಿ ತುಂಬಿದ ನೀರನ್ನು ಚೆಲ್ಲಿ. ಆ ನೀರು ಕುಡಿಯಲು ಆಗದು, ನೆಲ ಒರೆಸಲು ಆದೀತು.