ಕಪ್ಪಾಗಿರುವ ಅಗಸ್ಟಸ್ ಕಾಲದ ಬೆಳ್ಳಿ ನಾಣ್ಯವನ್ನು ಹೊಳೆಯುವಂತೆ ಮಾಡುವುದು ಹೇಗೆ?

ಹೊಳೆಯಬೇಕು ಅನ್ನೋದನ್ನೇ ದಯವಿಟ್ಟು ಬಿಟ್ಟುಬಿಡಿ. ನೀವು ಹೇಳಿದಂಥದ್ದೇ ದಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ನನ್ನ ಹತ್ತಿರವೂ ಇದೆ: ಒಂದು ಕಡೆ ರೋಮನ್ ಚಕ್ರವರ್ತಿ ಅಗಸ್ಟಸ್‌ನ ತಲೆ, ಇನ್ನೊಂದು ಕಡೆ ಅವನ ಮಗಳ ಮಕ್ಕಳು, ಅವನೇ ದತ್ತು ತೆಗೆದುಕೊಂಡಿದ್ದ ಗಾಯಸ್ ಮತ್ತು ಲೂಸಿಯಸ್. ದೇವರ ಮನೆಯ ಬೆಳ್ಳಿ ದೀಪ ಬೆಳಗುವ ಹಾಗೆ ಅದಕ್ಕೆ ವಿಭೂತಿ ಹಚ್ಚಿ ಬ್ರಷ್‌ನಲ್ಲಿ ತಿಕ್ಕಿಬಿಟ್ಟೆ.

ಏನಾಯಿತು ಅಂದರೆ, ಹುಡುಗರಿಬ್ಬರ ನಡುವೆ ಗುರಾಣಿ, ಈಟಿಗಳಿವೆಯಲ್ಲ, ಅವುಗಳ ಮೇಲೆ ಎರಡು ಪುಟ್ಟ ಗುರುತು ಇರುತ್ತವೆ. ಒಂದು ಪೂಜೆಯ ಸೌಟು, ಗಾಯಸ್ ಪುರೋಹಿತನಾಗಿದ್ದ. ಇನ್ನೊಂದು ತುದಿ ಸುರುಳಿಯಾದ ಕೋಲು. ಲೂಸಿಯಸ್ ಶಕುನ ನೋಡುವವನು. ಯಾವ ಹುಡುಗ ಯಾರು ಅಂತ ಹೇಳೋದೂ, ಅಚ್ಚಿನ ಬಗೆ ಗುರುತಿಸೋದೂ ಇವುಗಳಿಂದಲೇ. ಬೂದಿಯ ಗಟ್ಟಿ ಕಣಗಳು ಅರದ ಹಾಗೆ ತೇಯುತ್ತವೆ. ದಪ್ಪ ದೀಪಕ್ಕೆ ಅದು ಲೆಕ್ಕಕ್ಕಿಲ್ಲ, ಕೂದಲೆಳೆಯಷ್ಟು ಎತ್ತರದ ಗೆರೆಗೆ ಅದೇ ಸಾಕು. ಕೋಲಿನ ಸುರುಳಿ ಹೋಯಿತು. ತಗ್ಗಿನಲ್ಲಿದ್ದ ಕಪ್ಪು ಹೋದದ್ದರಿಂದ ಸುತ್ತಲಿನ ಅಕ್ಷರಗಳೂ ಮಂಕಾದವು. ಆ ಕಪ್ಪು ಕೊಳೆಯಲ್ಲ, ಗಂಧಕ ತಗುಲಿದ ಬೆಳ್ಳಿಯೇ. ತೆಗೆದರೆ ಬೆಳ್ಳಿಯೂ ಅದರ ಜೊತೆ ಹೋಗುತ್ತದೆ. ನಿಂಬೆಹಣ್ಣು, ಸೋಡಾ, ಟೂತ್‌ಪೇಸ್ಟ್ ಯಾವುದೂ ಬೇಡ.

ಮಣ್ಣಿದ್ದರೆ ಮಾತ್ರ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೆರಡು ದಿನ ನೆನೆಸಿ, ನೀರು ಬದಲಿಸುತ್ತಿರಿ. ಮೆತ್ತಗಾದ ಮಣ್ಣನ್ನು ಮರದ ಟೂತ್‌ಪಿಕ್‌ನಿಂದ ಎಬ್ಬಿಸಿ. ಹತ್ತಿ ಬಟ್ಟೆಯ ಮೇಲೆ ಒತ್ತಿ ಒಣಗಿಸಿ, ಒರೆಸಬೇಡಿ. ಪ್ಲಾಸ್ಟಿಕ್ ಪೌಚ್‌ನ ಹಸಿರು ಅಂಟು ಹಿಡಿದಿದ್ದರೆ ಶುದ್ಧ ಅಸಿಟೋನ್ ಹಾಕಿ, ಬೆಂಕಿಯಿಂದ ದೂರದಲ್ಲಿ, ಕಿಟಕಿ ತೆರೆದು.

ಅದಕ್ಕೂ ಮೊದಲು 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಸಾಮಾನ್ಯವಾಗಿ 3.6ರಿಂದ 3.9 ಗ್ರಾಂ ಇರುತ್ತದೆ. ತೀರಾ ಕಡಿಮೆ ಇದ್ದು ಅಂಚಿನಲ್ಲಿ ಕೆಂಪು ಇಣುಕುತ್ತಿದ್ದರೆ ಒಳಗೆ ತಾಮ್ರ, ಮೇಲೆ ಬೆಳ್ಳಿ ಹೊದಿಕೆ. ಅಂಥದ್ದು ತಿಕ್ಕಿದರೆ ಸಿಪ್ಪೆಯಂತೆ ಏಳುತ್ತದೆ. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯ ಚುಕ್ಕಿಗಳಿದ್ದರೆ ಎರಕದ ನಕಲಿ ಇರಬಹುದು. ಆದರೆ ಅಕ್ಷರ ಗೀಚಿದಂತಿದೆ ಅನ್ನೋ ಒಂದೇ ಕಾರಣಕ್ಕೆ ನಕಲಿಯೆಂದು ಎಸೆಯಬೇಡಿ. ಇದೇ ಅಚ್ಚನ್ನು ನೋಡಿ ಭಾರತದಲ್ಲಿ ಆ ಕಾಲಕ್ಕೇ ಅನುಕರಣೆ ಹೊಡೆದಿದ್ದರು, ನನ್ನ ಮಟ್ಟಿಗೆ ಅವು ಮೂಲಕ್ಕಿಂತ ಕುತೂಹಲದವು.

ಎಲ್ಲಿ ಸಿಕ್ಕಿತು ಅಂತ ನೀವು ಹೇಳಿಲ್ಲ. ಬೆಂಗಳೂರಿನ ಯಶವಂತಪುರದಲ್ಲೇ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ನಿಮ್ಮದೂ ನೆಲದಲ್ಲಿ ಸಿಕ್ಕಿದ್ದಾದರೆ ತೊಳೆಯಲೂ ಹೋಗಬೇಡಿ. ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅಂಟಿದ ಮಣ್ಣಿನ ಸಮೇತ.