ಮಗಳ ಚಿತ್ರ ನಮಗೆ ಕಳಿಸುವ ಮುನ್ನ

ಪತ್ರ: ಕೆಲಸ ಬಿಟ್ಟು ಬಂದ ಮಗಳು ಮಂಕಾಗಿದ್ದಾಳೆ. ಮೂರು ತಿಂಗಳಿಂದ ಆರ್ಟ್ ಥೆರಪಿಗೆ ಹೋಗುತ್ತಿದ್ದಾಳೆ. ಅವಳ ಚಿತ್ರಕ್ಕೆ ಏನರ್ಥ ಅಂತ ಥೆರಪಿಸ್ಟ್ ಹೇಳುವುದೇ ಇಲ್ಲ, ಅವಳನ್ನೇ ಕೇಳುತ್ತಾರಂತೆ. ಜಾಸ್ತಿ ಮಾತೆಲ್ಲ ರಾತ್ರಿ ಪಾಳಿ, ಸಂಬಳ, ಪಿ.ಜಿ. ಬಾಡಿಗೆಯದ್ದೇ. ಇದು ಚಿಕಿತ್ಸೆಯಾ? ಅವಳ ಎರಡು ಚಿತ್ರ ಕಳಿಸಲಾ, ಬಲ್ಲವರಿಗೆ ತೋರಿಸುತ್ತೀರಾ?
– ಒಬ್ಬ ತಾಯಿ, ಶಿವಮೊಗ್ಗ

ಸಂಪಾದಕರ ಉತ್ತರ: ಅಮ್ಮ, ಇದು ಚಿಕಿತ್ಸೆಯೇ. ಒಳ್ಳೆಯ ಚಿಕಿತ್ಸೆ ಅಂತಲೇ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳಲು ಬ್ರೆಜಿಲ್‌ನ ಒಬ್ಬ ವೈದ್ಯೆಯ ವಿಷಯ ಹೇಳಬೇಕು.

ಅವರ ಹೆಸರು ನೀಸಿ ದ ಸಿಲ್ವೇರ. ಮಾರ್ಕ್ಸ್‌ವಾದದ ಪುಸ್ತಕ ಇಟ್ಟುಕೊಂಡಿದ್ದರು ಅಂತ 1936ರಲ್ಲಿ ಅವರನ್ನು ಜೈಲಿಗೆ ಹಾಕಿದರು. ಸರ್ಕಾರಿ ಕೆಲಸ ಮತ್ತೆ ಸಿಕ್ಕಿದ್ದು 1944ರಲ್ಲಿ, ರಿಯೊ ಡಿ ಜನೈರೊದ ಮಾನಸಿಕ ಆಸ್ಪತ್ರೆಯೊಂದರಲ್ಲಿ. ಅಲ್ಲಿ ಆಗ ಕರೆಂಟ್ ಶಾಕ್, ಲೋಬೊಟಮಿಯ (ಮಿದುಳಿನ ನರತಂತು ಕತ್ತರಿಸುವ ಶಸ್ತ್ರಚಿಕಿತ್ಸೆ) ಕಾಲ. ನನ್ನ ಕೈಯಿಂದ ಆಗದು ಎಂದರು ನೀಸಿ. ರೋಗಿಗಳ ಕೈಯಲ್ಲಿ ನೆಲ ಗುಡಿಸಿಸುವುದನ್ನೇ ಚಿಕಿತ್ಸೆ ಎನ್ನುತ್ತಿದ್ದ ವಿಭಾಗ ಅವರ ಪಾಲಿಗೆ ಬಂತು. 1946ರಲ್ಲಿ ಅಲ್ಲಿ ಬಣ್ಣ, ಕುಂಚ, ಜೇಡಿಮಣ್ಣು ತಂದಿಟ್ಟರು. ಇಂಥದ್ದೇ ಬಿಡಿಸಿ ಅಂತ ಯಾರಿಗೂ ಹೇಳಲಿಲ್ಲ. ‘ರೋಗಿ’ ಎಂಬ ಮಾತನ್ನೂ ಬಿಟ್ಟು ‘ಕ್ಲೈಂಟ್’ ಎಂದರು.

ಅಲ್ಲಿದ್ದವರಲ್ಲಿ ಫೆರ್ನಾಂಡೊ ದಿನಿಸ್ ಒಬ್ಬರು. ಬಡ ಕಪ್ಪು ಕುಟುಂಬದ ಹುಡುಗ. ಅಮ್ಮ ಸಿರಿವಂತರ ಮನೆಗಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದರು. ಚಿಕ್ಕಂದಿನಲ್ಲಿ ಫೆರ್ನಾಂಡೊ ಅವರ ಜೊತೆ ಹೋಗಿ ಆ ಮನೆಗಳ ಒಳಗನ್ನು ನೋಡಿ ಬರುತ್ತಿದ್ದರು. ಅವರಿದ್ದದ್ದು ಮಾತ್ರ ಜನ ಕಿಕ್ಕಿರಿದ ವಠಾರದಲ್ಲಿ. ಮುಂದೆ ಆಸ್ಪತ್ರೆಯಲ್ಲಿ ಕೂತು ಮತ್ತೆ ಮತ್ತೆ ಬಿಡಿಸಿದ್ದು ಮನೆಯ ಒಳಕೋಣೆಗಳನ್ನೇ. ಅವರ ಬಡತನ ಗೊತ್ತಿಲ್ಲದವರಿಗೆ ಆ ಕೋಣೆಗಳಲ್ಲಿ ಏನು ಕಂಡೀತು, ಹೇಳಿ? ನಿಮ್ಮ ಮಗಳ ರಾತ್ರಿ ಪಾಳಿಯ ಮಾತೂ ಹಾಗೇ, ಅಲ್ವಾ? ಅವಳು ಮಂಕಾಗಿದ್ದು ಅವಳ ಮನಸ್ಸಿನ ಒಳಗಿಂದಷ್ಟೇ ಅಲ್ಲ.

ನೀಸಿ ಚಿತ್ರಗಳ ಅರ್ಥ ಹುಡುಕಲೇ ಇಲ್ಲ ಅಂತಲ್ಲ. ಒಬ್ಬರ ನೂರಾರು ಚಿತ್ರಗಳನ್ನು ಸಾಲಾಗಿಟ್ಟು ವರ್ಷಗಟ್ಟಲೆ ನೋಡಿದವರು ಅವರು. ಒಂದೇ ಹಾಳೆ ನೋಡಿ ‘ಕಪ್ಪು ಬಳಿದಿದ್ದಾಳೆ, ದುಃಖ’ ಎನ್ನುವುದು ಬೇರೆ. ಆ ಚಿತ್ರಗಳಿಗಾಗಿಯೇ 1952ರಲ್ಲಿ ಮ್ಯೂಸಿಯಂ ಕೂಡ ಆಯಿತು.

ಥೆರಪಿಸ್ಟ್ ಹತ್ತಿರ ನೀವು ಧಾರಾಳವಾಗಿ ಕೇಳಬಹುದು: ಎಲ್ಲಿ ತರಬೇತಿ ಪಡೆದಿರಿ? ಗುರಿ ಏನೆಂದು ಮಗಳ ಜೊತೆ ಕೂತು ಗೊತ್ತು ಮಾಡಿದಿರಾ? ಚಿತ್ರಗಳನ್ನು ಯಾರು ನೋಡುತ್ತಾರೆ? ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ, ಅವರನ್ನು ಕೇಳದೆ ನಿಲ್ಲಿಸಬೇಡಿ. ಮನೆಯಲ್ಲಿ ಅವಳು ಏನಾದರೂ ಬಿಡಿಸಿದರೆ ‘ಇದರ ಬಗ್ಗೆ ಹೇಳ್ತೀಯಾ?’ ಅಂತ ಕೇಳಿ. ಹೇಳದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತಿರಿ.

ಆ ಎರಡು ಚಿತ್ರಗಳ ವಿಷಯ. ಕಳಿಸಲಾ ಅಂತ ನನ್ನನ್ನು ಕೇಳಿದ್ದೀರಿ. ಮೊದಲು ಮಗಳನ್ನು ಕೇಳಿ. ಬೇಡ ಅಂದರೆ ಅವು ಅವಳ ಹತ್ತಿರವೇ ಇರಲಿ.