ಕಂಬಳಿಹುಳು ಬಿದ್ದ ಜಾಗ ಉಜ್ಜಬೇಡಿ

ಪ್ರಶ್ನೆ: ಮರಗಸಿ (ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕುತ್ತಿಗೆ ಮೇಲೆ ಕಂಬಳಿಹುಳು ಬಿತ್ತು. ಕಂಬಳಿಯಲ್ಲಿ ಉಜ್ಜಿ ಸುಣ್ಣ ಹಚ್ಚಿದೆವು. ಮೂರು ದಿನವಾದರೂ ಉರಿ ಇಳಿದಿಲ್ಲ. ವಿಷ ಇಳಿಸುವವರ ಹತ್ತಿರ ಹೋಗಬಹುದೇ? (ಸುಂಟಿಕೊಪ್ಪದ ಓದುಗರು)

ಉತ್ತರ: ಹೋಗಬೇಡಿ. ಮಳೆ ಹಿಡಿದ ಮೇಲೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ, ಅದೂ ಉಜ್ಜಿಯಾದ ಮೇಲೆ. ಉರಿ ಇಳಿಯದಿರುವುದು ಉಜ್ಜಿದ್ದರಿಂದಲೇ. ಹುಳುವಿನ ರೋಮದ ಬುಡ ಸಡಿಲ, ತುದಿ ಚೂಪು, ಮೈಮೇಲೆಲ್ಲ ಒಂದೇ ದಿಕ್ಕಿಗೆ ಬಾಗಿದ ಸಣ್ಣ ಮುಳ್ಳುಗಳು. ಅಂಟುಹುಲ್ಲಿನ ಮುಳ್ಳು ಪಂಚೆಗೆ ಸಿಕ್ಕಿ, ನಡೆದಷ್ಟೂ ಮೇಲೇರುತ್ತದಲ್ಲ, ಅದೇ ಕತೆ. ಉಜ್ಜಿದಷ್ಟೂ ಒಳಗಿಳಿಯುತ್ತದೆ, ಮುರಿದ ತುಂಡು ಚರ್ಮದಲ್ಲೇ ಉಳಿಯುತ್ತದೆ. ಅದರ ಮೇಲೆ ಸುಣ್ಣ ಹಚ್ಚಿದರೆ ತರಚಿದ ಚರ್ಮ ಸುಡುತ್ತದೆ. ಸೀಮೆಎಣ್ಣೆಯೂ ಬೇಡ.

ಹುಳು ಬಿದ್ದ ಕೂಡಲೇ ಮಾಡಬೇಕಾದದ್ದು ಬೇರೆ. ಏಣಿಯ ಮೇಲಿದ್ದರೆ ಮೊದಲು ಕೆಳಗಿಳಿಯಿರಿ. ಹುಳುವನ್ನು ಕೈಯಲ್ಲಿ ಬಡಿಯದೆ ಕಡ್ಡಿಯಿಂದ ಎತ್ತಿ ಹಾಕಿ. ಅಂಗಿಯ ಗುಂಡಿ ಬಿಚ್ಚಿ ತೆಗೆಯಿರಿ. ತಲೆಯ ಮೇಲಿಂದ ಎಳೆದರೆ ರೋಮ ಕಣ್ಣಿಗೆ ಬರುತ್ತದೆ. ಆಮೇಲೆ ಸೆಲ್ಲೋಟೇಪ್ ಅಂಟಿಸಿ, ಮೆಲ್ಲಗೆ ಒತ್ತಿ, ನೇರವಾಗಿ ಮೇಲಕ್ಕೆ ಕಿತ್ತು ತೆಗೆಯಿರಿ. ಒಮ್ಮೆ ಬಳಸಿದ ತುಂಡನ್ನು ಮತ್ತೆ ಬಳಸಬೇಡಿ, ಪ್ರತಿ ಸಲವೂ ಹೊಸದು. ಐದಾರು ಸಲವಾದರೂ ಬೇಕು, ಹತ್ತಾದರೂ ಸರಿ. ನಂತರ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಟವೆಲ್ ಮುಟ್ಟಿಸದೆ ಗಾಳಿಗೆ ಆರಲು ಬಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ, ಮೇಲೆ ಕ್ಯಾಲಮೈನ್ ಲೋಷನ್. ತುರಿಕೆ ತಡೆಯಲಾಗದಿದ್ದರೆ ದೊಡ್ಡವರಿಗೆ ರಾತ್ರಿ 10 ಮಿ.ಗ್ರಾಂ. ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ಒಂದು. ಅದು ನಿದ್ದೆ ಬರಿಸುತ್ತದೆ; ಅದನ್ನು ನುಂಗಿ ಏಣಿ ಹತ್ತುವುದು, ಕಳೆ ಕೊಚ್ಚುವ ಮೆಷಿನ್ ಹಿಡಿಯುವುದು ಬೇಡ. ಮಕ್ಕಳಿಗೆ, ಬಸುರಿಯರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಅಂಗಿಯನ್ನು ಬೇರೆಯಾಗಿಯೇ ಬಿಸಿನೀರಲ್ಲಿ ಒಗೆಯಿರಿ.

ನಿಮ್ಮ ವಿಷಯದಲ್ಲಿ ಮೂರು ದಿನ ಕಳೆದಿದೆ. ಗುಳ್ಳೆ ಎದ್ದು ನೀರು ಒಸರುತ್ತಿದ್ದರೆ ಟೇಪ್ ಹಾಕಲೇಬೇಡಿ, ನಾಳೆಯೇ ಚರ್ಮದ ವೈದ್ಯರಿಗೆ ತೋರಿಸಿ.

ನನಗೆ ನಿಜವಾದ ಭಯ ಕಣ್ಣಿನದು. ರೋಮ ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ, ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಕಣ್ಣಿಗೆ ಹೊಕ್ಕ ರೋಮ ಅಲ್ಲೇ ನಿಲ್ಲುವುದಿಲ್ಲ, ತಿಂಗಳುಗಳ ನಂತರವೂ ಒಳಗೊಳಗೇ ಸರಿದು ದೃಷ್ಟಿಗೆ ಕುತ್ತು ತರಬಹುದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಿ ಕೂತರೆ ಕೆಂಪು ಕಡಿಮೆಯಾಗಿ ವಾಸಿಯಾದಂತೆ ಕಾಣುತ್ತದೆ, ರೋಮ ಮಾತ್ರ ಒಳಗೇ ಇರುತ್ತದೆ. ತುಟಿ ಊದಿದರೆ, ಉಸಿರು ಕಟ್ಟಿದರೆ ಟೇಪು ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಸುಗುನ್ನಿ ಕಾಯಿಯ ತುರಿಕೆಗೂ ಇದೇ ಮಾತ್ರೆ ಸಾಕೇ? (ಸೋಮವಾರಪೇಟೆ)

ಉತ್ತರ: ಹೆಚ್ಚು ಪ್ರಯೋಜನವಿಲ್ಲ. ಅದರ ರೋಮದಲ್ಲಿರುವುದು ಮ್ಯೂಕುನೇನ್ ಎಂಬ, ಪ್ರೋಟೀನ್ ಸೀಳುವ ಕಿಣ್ವ. ಈ ತುರಿಕೆ ಹಿಸ್ಟಮಿನ್ (ಅಲರ್ಜಿಯಾದಾಗ ದೇಹ ಬಿಡುವ ರಾಸಾಯನಿಕ) ದಾರಿಯಲ್ಲಿ ಬರುವುದಲ್ಲ, ಮಾತ್ರೆ ತಡೆಯುವುದು ಆ ದಾರಿಯನ್ನು ಮಾತ್ರ. ಟೇಪು, ಸೋಪು, ತಣ್ಣೀರೇ ಮದ್ದು.

ಪ್ರಶ್ನೆ: ಕೆರೆನೀರಿನ ಪ್ಯಾರಮೀಸಿಯಂಗೂ ಮೈತುಂಬ ರೋಮವಂತೆ. ಈಜಿದರೆ ಚುಚ್ಚುತ್ತದೆಯೇ? (ಪೊನ್ನಂಪೇಟೆ)

ಉತ್ತರ: ಇಲ್ಲ. ಪ್ಯಾರಮೀಸಿಯಂ ಒಂದೇ ಕೋಶದ ಸೂಕ್ಷ್ಮಜೀವಿ; ಆ ರೋಮಗಳು ಅದು ಈಜಲು ಬಳಸುವ ಹುಟ್ಟುಗಳು, ಉದ್ದ ಮಿಲಿಮೀಟರಿನ ನೂರನೇ ಒಂದು ಭಾಗ.

ಪ್ರಶ್ನೆ: ನೆರಳು ಮರದ ಕಾಂಡದಲ್ಲಿ ಹುಳುಗಳು ಗುಂಪಾಗಿ ಕೂತಿವೆ. ಪಂಜು ಹಿಡಿಯಬಹುದೇ? (ನಾಪೋಕ್ಲು)

ಉತ್ತರ: ಹಿಡಿಯಲೇಬೇಡಿ. ಬಿಸಿಗಾಳಿಗೆ ರೋಮ ಹಾರಿ ಕೆಳಗಿದ್ದವರ ಕಣ್ಣು, ಮೂಗಿಗೆ ಹೋಗುತ್ತದೆ. ತುಂಬುತೋಳಿನ ಅಂಗಿ, ಗ್ಲೌಸು, ಕನ್ನಡಕ ಹಾಕಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತು, ಉದ್ದ ಕೋಲಿನ ಪೊರಕೆಯಿಂದ ಸೋಪುನೀರಿನ ಬಕೆಟಿಗೆ ಕೆಡವಿ. ಸತ್ತ ಹುಳು, ಕಳಚಿದ ಪೊರೆ, ಗೂಡು ಎಲ್ಲವೂ ಚುಚ್ಚುತ್ತವೆ. ಹಾಗಾಗಿ ಬಕೆಟಿನಲ್ಲಿದ್ದುದನ್ನು ಕಾರ್ಮಿಕರ ಲೈನ್ ಮನೆಯ ಹತ್ತಿರ ಚೆಲ್ಲದೆ ಗುಂಡಿ ತೋಡಿ ಮುಚ್ಚಿ.